ಕರೆಗಂಟೆಯ ಪಕ್ಕದ ನಾಲ್ಕನೆಯ ಹೆಸರು

ಜರ್ಮನಿಯ ವಸತಿ ಕಟ್ಟಡಗಳಲ್ಲಿ ಒಳಗಿನ ಮನೆಗಳಿಗೆ ಸಾಮಾನ್ಯವಾಗಿ ಸಂಖ್ಯೆ ಇರುವುದಿಲ್ಲ. ಬೀದಿಯ ಹೆಸರು, ಕಟ್ಟಡದ ಸಂಖ್ಯೆ, ವಿಳಾಸವೆಂದರೆ ಅಷ್ಟೇ. ಅಂಚೆಯವರು ಬಾಗಿಲಲ್ಲಿ ನಿಂತು ಕರೆಗಂಟೆ, ಅಂಚೆಪೆಟ್ಟಿಗೆಗಳ ಮೇಲಿನ ಹೆಸರುಗಳನ್ನು ಓದುತ್ತಾರೆ. ಅಲ್ಲಿ ನಿಮ್ಮ ಹೆಸರಿಲ್ಲವೆಂದರೆ ಪತ್ರ ಬಂದ ದಾರಿಗೆ ಸುಂಕವಿಲ್ಲ. ಲೈಪ್‌ಜಿಗ್‌ನ ಪ್ಲಾಗ್‌ವಿಟ್ಸ್ ಬಡಾವಣೆಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ನಾಲ್ಕನೆಯ ಮಹಡಿಗೆ ನಾನು ಸೂಟ್‌ಕೇಸ್ ಹೊತ್ತು ಹತ್ತಿದ ದಿನ ನಮ್ಮ ಗಂಟೆಯ ಪಕ್ಕ ಮೂರು ಹೆಸರುಗಳಿದ್ದವು. ಮನೆಯಲ್ಲಿದ್ದ ಬಡಗಿ ಹುಡುಗ ಬಿಳಿ ಟೇಪಿನ ತುಂಡಿನ ಮೇಲೆ ನನ್ನ ಹೆಸರು ಬರೆದು ಅಂಟಿಸಿದ. ಒಂದು ಅಕ್ಷರ ತಪ್ಪಿತ್ತು. ಹೇಳಲು ಬಾಯಿ ಬರಲಿಲ್ಲ.

ಹೀಗೆ ಕೂಡಿ ಬಾಳುವ ಬಾಡಿಗೆ ಮನೆಗೆ ಇಲ್ಲಿ ‘ವೇ-ಗೇ’ ಎನ್ನುತ್ತಾರೆ. ಕೋಣೆ ಒಬ್ಬೊಬ್ಬರದು, ಅಡುಗೆಮನೆ ಮತ್ತು ಬಚ್ಚಲು ಎಲ್ಲರದು. ಬಾಡಿಗೆ ಉಳಿಸಲೆಂದೇ ಸೇರಿದವರು, ಎದುರು ಸಿಕ್ಕರೂ ತಲೆಯಾಡಿಸಿ ಸರಿಯುವವರು ಇದ್ದರೆ ಅದು ‘ತ್ಸ್ವೆಕ್ ವೇ-ಗೇ’, ಅಂದರೆ ಬರೀ ಅನುಕೂಲದ ಮನೆ. ಕೋಣೆ ಖಾಲಿಯಾದಾಗ, ಇರುವವರು ಬರುವವರನ್ನು ಅಡುಗೆಮನೆಯಲ್ಲಿ ಕೂರಿಸಿ ಮಾತನಾಡಿಸುತ್ತಾರೆ. ಒಳ್ಳೆಯ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಹೋದವನು ನಾನು. ‘ಪಾತ್ರೆಯನ್ನು ಕೂಡಲೇ ತೊಳೆಯುತ್ತೀಯಾ?’ ಎಂದು ಕೇಳಿದಾಗ ತಡವರಿಸಿದೆ. ಮೂವರೂ ನಕ್ಕರು. ಕೋಣೆ ಸಿಕ್ಕಿದ್ದು ಆ ತಡವರಿಕೆಗೇ ಎಂದು ಆಮೇಲೆ ಗೊತ್ತಾಯಿತು.

ಮೊದಲ ಎರಡು ತಿಂಗಳು ನನ್ನನ್ನು ಅತಿಥಿಯಂತೆ ನೋಡಿಕೊಂಡರು. ನಾನು ಒಳಗೆ ಬಂದರೆ ಸಾಕು, ಜರ್ಮನ್ ಮಾತು ಅಲ್ಲಿಗೇ ನಿಂತು ಇಂಗ್ಲಿಷ್ ಶುರುವಾಗುತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ, ಅನುಮಾನವಿಲ್ಲ. ಆದರೂ ಪ್ರತಿ ಸಲವೂ ಮೂವರ ಮಾತು ನನ್ನೊಬ್ಬನಿಗಾಗಿ ದಾರಿ ಬದಲಿಸಬೇಕಲ್ಲ ಎಂದು ಮುಜುಗರವಾಗಿ, ಚಹಾದ ಲೋಟ ಹಿಡಿದು ಕೋಣೆ ಸೇರುತ್ತಿದ್ದೆ.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಖಾಲಿ ಸೀಸೆಗಳನ್ನು ಚೀಲಕ್ಕೆ ತುಂಬಿಕೊಂಡು ಬೀದಿಯ ಗಾಜಿನ ತೊಟ್ಟಿಗೆ ಹೋದೆ. ಬಿಳಿ, ಹಸಿರು, ಕಂದು ಗಾಜಿಗೆ ಬೇರೆ ಬೇರೆ ಕಂಡಿ. ಅಷ್ಟು ಕಲಿತಿದ್ದೆ, ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ಸದ್ದಾಗುವ ಕಾರಣಕ್ಕೆ ಭಾನುವಾರ ಗಾಜು ಹಾಕುವಂತಿಲ್ಲ ಎಂಬುದನ್ನು ಕಲಿತಿರಲಿಲ್ಲ. ಸೀಸೆಗಳು ಒಳಗೆ ಬಿದ್ದು ಒಡೆದ ಸದ್ದು ನಾಲ್ಕನೆಯ ಮಹಡಿಗೂ ಮುಟ್ಟಿತು. ನಮ್ಮ ಮನೆಯ ನರ್ಸಿಂಗ್ ವಿದ್ಯಾರ್ಥಿನಿ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದಳು.

ನಾನು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಅವಳು ಉಣ್ಣೆಯ ಕಾಲುಚೀಲದಲ್ಲಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಬೈಗುಳ ಸೀಸೆಯಿಂದ ಆರಂಭವಾಗಿ, ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿದ ಕೂದಲಿಗೆ ಹೋಗಿ, ಅಲ್ಲಿಂದ ಗೋಡೆಯ ಮೇಲಿನ ಶುಚಿತ್ವದ ಚಕ್ರಕ್ಕೆ ಬಂತು. ಅದು ಒಂದರ ಮೇಲೊಂದು ಇಟ್ಟು ಗುಂಡುಪಿನ್ನು ಚುಚ್ಚಿದ ಎರಡು ರಟ್ಟಿನ ಬಿಲ್ಲೆ. ಹೊರಗಡೆ ಕೆಲಸಗಳು, ಒಳಗಡೆ ಹೆಸರುಗಳು. ನನ್ನ ಹೆಸರು ಎರಡು ವಾರದಿಂದ ‘ಬಚ್ಚಲು’ ಎಂಬಲ್ಲೇ ನಿಂತಿತ್ತು. ಅವಳು ಅಷ್ಟನ್ನೂ ಬೈದದ್ದು ಜರ್ಮನ್‌ನಲ್ಲಿ. ಇಂಗ್ಲಿಷ್ ಮರೆತೇ ಹೋಗಿತ್ತು. ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಅವಳ ಬೆರಳು ತೋರಿಸಿತು.

ಬಾಗಿಲು ದಡಾರನೆ ಮುಚ್ಚಿಕೊಂಡಿತು. ಬಚ್ಚಲು ತಿಕ್ಕುತ್ತಾ ಕುಳಿತವನಿಗೆ ವಿಚಿತ್ರವಾದ ನೆಮ್ಮದಿ. ಅತಿಥಿಯನ್ನು ಯಾರು ಹೀಗೆ ಬೈಯುತ್ತಾರೆ?

ಅಂದಿನಿಂದ ನಾನೇ ಹಟ ಹಿಡಿದೆ, ನನ್ನೊಂದಿಗೂ ಜರ್ಮನ್‌ನಲ್ಲೇ ಮಾತನಾಡಿ ಎಂದು. ಹಾಸ್ಯ ಅರ್ಥವಾಗುವಷ್ಟರಲ್ಲಿ ಉಳಿದವರು ನಕ್ಕು ಮುಗಿಸಿರುತ್ತಿದ್ದರು. ನಾನು ತಡವಾಗಿ ನಕ್ಕರೆ ಅದಕ್ಕೆ ಮತ್ತೊಮ್ಮೆ ನಗು. ರೇಡಿಯೊ, ಟಿವಿಯ ಶುಲ್ಕ ಇಲ್ಲಿ ತಲೆಗಲ್ಲ, ಮನೆಗೆ: ತಿಂಗಳಿಗೆ 18.36 ಯೂರೊ. ನಾಲ್ವರಲ್ಲಿ ಹಂಚಿದರೆ ತಲಾ 4.59. ನಾವು ಒಂದೇ ಮನೆಯವರೆಂದು ಲೆಕ್ಕ ಹಾಕಿದ ಮೊದಲ ಕಾಗದ ಅದೇ ಇರಬೇಕು. ಒಂದು ಸಂಜೆ ಆ ಕಾಗದ ನೋಡುತ್ತಿದ್ದಾಗ, ಟೇಪಿನ ಮೇಲೆ ನನ್ನ ಹೆಸರು ತಪ್ಪಾಗಿದೆ ಎಂದು ಕೊನೆಗೂ ಬಡಗಿಗೆ ಹೇಳಿದೆ. ‘ಇಷ್ಟು ದಿನ ಏಕೆ ಹೇಳಲಿಲ್ಲ?’ ಎಂದು ಅವನೂ ಬೈದ, ಪೆನ್ನು ಹಿಡಿದು ಕೆಳಗಿಳಿದ.

ನರ್ಸಿಂಗ್ ಹುಡುಗಿ ಈ ಏಪ್ರಿಲ್‌ನಲ್ಲಿ ಓದು ಮುಗಿಸಿ ಹಾಂಬುರ್ಗ್‌ಗೆ ಹೋದಳು. ಅವಳ ಕೋಣೆಗೆ ಬಂದ ಹುಡುಗನನ್ನು ಅಡುಗೆಮನೆಯಲ್ಲಿ ಕೂರಿಸಿ ಪಾತ್ರೆಯ ಪ್ರಶ್ನೆ ಕೇಳಿದ್ದು ನಾನೇ. ಗಂಟೆಯ ಪಕ್ಕ ಈಗ ಐದು ಹೆಸರುಗಳಿವೆ. ಅವಳದನ್ನು ಕೀಳುವ ಸರದಿ ಯಾರದೆಂದು ಚಕ್ರದಲ್ಲಿ ಬರೆದಿಲ್ಲ. ಅವಳಿಗೆ ಬರುವ ಪತ್ರಗಳನ್ನು ಒಡೆಯದೆ ಫ್ರಿಜ್‌ನ ಮೇಲೆ ಪೇರಿಸಿ ಇಟ್ಟಿದ್ದೇವೆ, ಬಂದಾಗ ಒಯ್ಯಲಿ ಎಂದು.