ಕಳೆದುಹೋದರೂ ಬಾಯಿಬಿಡದ ಪೆನ್‌ಡ್ರೈವ್: ಪಾಸ್‌ವರ್ಡಿನ ಹಂತ

ಮನೆಯ ಕಾಗದಪತ್ರಗಳಿರುವ ಪೆನ್‌ಡ್ರೈವ್‌ಗೆ ಬೀಗ ಹಾಕುವ ಕೆಲಸ ಒಂದು ಘಟ್ಟಕ್ಕೆ ಬಂದಿದೆ. ಪಹಣಿ, ಕ್ರಯಪತ್ರ, ಎಲ್ಲರ ಆಧಾರ್ ಮತ್ತು ಪ್ಯಾನ್, ಅಮ್ಮನ ಪಿಂಚಣಿ ಕಡತ, ಅಂಕಪಟ್ಟಿಗಳು, ಎಲ್ಲವೂ ಬೆರಳುದ್ದದ ಒಂದೇ ವಸ್ತುವಿನಲ್ಲಿವೆ. ಅದು ಬಸ್ಸಿನ ಸೀಟಿನ ಸಂದಿಗೆ ಜಾರದಂತೆ ಕಾಯುವುದು ಈ ಯೋಜನೆಯ ಗುರಿಯಲ್ಲ. ಒಂದಲ್ಲ ಒಂದು ದಿನ ಕಳೆದೇ ಕಳೆಯುತ್ತದೆ ಎಂದುಕೊಂಡೇ ಶುರು ಮಾಡಿದ್ದೇನೆ.

ತಂತ್ರಾಂಶದ ಆಯ್ಕೆ ಬೇಗ ಮುಗಿಯಿತು. ವಿಂಡೋಸ್‌ನ ಬಿಟ್‌ಲಾಕರ್ ಒಳ್ಳೆಯದೇ, ಆದರೆ ಹೋಮ್ ಆವೃತ್ತಿಯಲ್ಲಿ ಪೆನ್‌ಡ್ರೈವ್‌ನ ಬೀಗ ತೆರೆಯಬಹುದೇ ಹೊರತು ಹೊಸದಾಗಿ ಹಾಕಲು ಬರುವುದಿಲ್ಲ. ಲಿನಕ್ಸ್‌ನ ಬೀಗದ ವ್ಯವಸ್ಥೆಯಾದ ಲಕ್ಸ್ (LUKS) ನನಗೆ ಇಷ್ಟ, ಆದರೆ ತಂಗಿಯ ವಿಂಡೋಸ್ ಲ್ಯಾಪ್‌ಟಾಪ್ ಅದನ್ನು ಗುರುತಿಸದು. ಉಳಿದದ್ದು ವೆರಾಕ್ರಿಪ್ಟ್. ಟ್ರೂಕ್ರಿಪ್ಟ್ ಎಂಬ ಹಳೆಯ ಬೀಗದ ತಂತ್ರಾಂಶದಿಂದ 2013ರಲ್ಲಿ ಕವಲೊಡೆದ ಈ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಇಡೀ ಡ್ರೈವನ್ನೇ ಗೂಢಲಿಪಿಗೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ರೂಪಕ್ಕೆ, ಒಳಪಡಿಸಬಹುದಿತ್ತು. ಬೇಡವೆಂದೆ. ಹಾಗೆ ಮಾಡಿದ ಡ್ರೈವನ್ನು ಚುಚ್ಚಿದೊಡನೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತದೆ, ನಮ್ಮ ಮನೆಯಲ್ಲಿ ಯಾರಾದರೂ ಧಾರಾಳವಾಗಿ 'ಹೌದು' ಒತ್ತುತ್ತಾರೆ. ಆದ್ದರಿಂದ ಡ್ರೈವ್‌ನೊಳಗೆ ಒಂದು ದೊಡ್ಡ ಕಡತ, ಅದರೊಳಗೆ ಎಲ್ಲ ದಾಖಲೆ. ಡ್ರೈವನ್ನು ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದರೆ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ, ಹಾಗಾಗಿ ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್.

ಹಳೆಯ ಡ್ರೈವನ್ನೇ ಬಳಸಬಹುದೇ ಎಂದು ಪರೀಕ್ಷಿಸಿದೆ. ಕ್ವಿಕ್ ಫಾರ್ಮ್ಯಾಟ್ ಮಾಡಿ ಅಳಿಸಿದ ಕಡತಗಳನ್ನು ಮರಳಿ ಹುಡುಕುವ ಫೋಟೋರೆಕ್ ತಂತ್ರಾಂಶ ಓಡಿಸಿದರೆ ಆಧಾರ್ ಸ್ಕ್ಯಾನ್‌ಗಳು ಒಂದೊಂದಾಗಿ ಎದ್ದು ಬಂದವು. ಮೇಲೆ ಬೇರೆ ಮಾಹಿತಿ ಬರೆದು ಅಳಿಸಿದರೂ ಪೂರ್ತಿ ನಂಬುವಂತಿಲ್ಲ. ಫ್ಲ್ಯಾಶ್ ಕೋಶಗಳು ಬರೆದಷ್ಟೂ ಸವೆಯುತ್ತವೆ. ಆ ಸವೆತವನ್ನು ಹಂಚಲು ಒಳಗಿನ ನಿಯಂತ್ರಕ ಚಿಪ್ ಹೊಸ ಬರಹವನ್ನು ಬೇರೆ ಕೋಶಗಳಿಗೆ ಕಳಿಸಬಹುದು, ಹಳೆಯದು ಇದ್ದಲ್ಲೇ ಉಳಿಯಬಹುದು. ಹೊಸ ಡ್ರೈವ್ ತಂದು, ಮೊದಲು ಬೀಗದ ಕಡತ ಮಾಡಿ, ಆಮೇಲೆ ದಾಖಲೆ ತುಂಬಿದೆ. ಈ ಕ್ರಮ ತಪ್ಪಬಾರದು.

ಇನ್ನು ಪಾಸ್‌ವರ್ಡ್. ಸಮಯವೆಲ್ಲ ಹೋದದ್ದು ಇದಕ್ಕೇ. 2022ರ ಜೂನ್‌ನಲ್ಲಿ ಜಪಾನಿನ ಅಮಗಸಾಕಿ ನಗರದ ಸುಮಾರು 4.6 ಲಕ್ಷ ನಿವಾಸಿಗಳ ಮಾಹಿತಿಯಿದ್ದ ಡ್ರೈವ್ ಕಳೆದುಹೋಯಿತು. ಗುತ್ತಿಗೆ ಕೆಲಸದವನೊಬ್ಬ ಕುಡಿದು ರಸ್ತೆಯಲ್ಲಿ ಮಲಗಿಬಿಟ್ಟಿದ್ದ. ಮಾಹಿತಿಗೆ ಗೂಢಲಿಪಿಯ ರಕ್ಷಣೆ ಇತ್ತು. ಆದರೆ ಪಾಸ್‌ವರ್ಡಿನಲ್ಲಿ ಅಕ್ಷರ, ಅಂಕಿ ಸೇರಿ 13 ಇವೆ ಎಂದು ಅಧಿಕಾರಿಗಳೇ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಊರಿನ ಹೆಸರು (ಇಂಗ್ಲಿಷಿನಲ್ಲಿ 9 ಅಕ್ಷರ), ಮುಂದೆ 2022 ಸೇರಿಸಿದರೆ ಲೆಕ್ಕ ಸರಿಹೋಗುತ್ತದಲ್ಲ ಎಂದು ಜನ ನಗಾಡಿದರು. ಡ್ರೈವ್ ಕೊನೆಗೆ ಸಿಕ್ಕಿತು. ನನ್ನ ಊರಿನ ಹೆಸರು, ಮಗಳ ಹುಟ್ಟಿದ ವರ್ಷ ಆ ಕ್ಷಣವೇ ಪಟ್ಟಿಯಿಂದ ಹೊರಬಿದ್ದವು.

ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡುವ ಆಸೆ ನನಗಿತ್ತು. ವೆರಾಕ್ರಿಪ್ಟ್ 128 ಬೈಟ್‌ವರೆಗೆ ಒಪ್ಪುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ (ಮೂಲಾಕ್ಷರ, ಸ್ವರಚಿಹ್ನೆ, ಹಲಂತ ಚಿಹ್ನೆ, ಪ್ರತಿಯೊಂದಕ್ಕೂ) 3 ಬೈಟ್, ಅಂದರೆ ಐದು ಸಂಕೇತಗಳ 'ಕೃಷ್ಣ' ಒಂದಕ್ಕೇ 15. ಉದ್ದವಾದರೂ ಅದು ಅಡ್ಡಿಯಲ್ಲ. ಅಡ್ಡಿ ಕಣ್ಣಿಗೆ ಕಾಣದ್ದು: 'ಕೋ' ಎಂಬುದರ ಸ್ವರಚಿಹ್ನೆಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ನೋಡಲು ಒಂದೇ, ಬೈಟ್‌ಗಳು ಬೇರೆ. 'ರಾಜ್‌ಕುಮಾರ್' ಎನ್ನುವಾಗ ಜ್ ಮತ್ತು ಕು ನಡುವೆ ಒತ್ತಕ್ಷರ ಆಗದಂತೆ ತಡೆಯಲು ಅಡಗಿ ಕೂರುವ ಸಂಕೇತ ಇನ್ನೊಂದು ತಲೆನೋವು. ಬೈಟ್ ಬೇರೆಯಾದರೆ ಬೀಗ ತೆರೆಯದು. ಕನ್ನಡ ಕೀಲಿಮಣೆಯೇ ಇಲ್ಲದ ಕಂಪ್ಯೂಟರಿನ ಮಾತು ಬಿಡಿ.

ಹಾಗಾಗಿ ಕನ್ನಡ ಪದ, ಇಂಗ್ಲಿಷ್ ಅಕ್ಷರ. ಅರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ತಂದ ಡೈಸ್‌ವೇರ್ ಪದ್ಧತಿಯಲ್ಲಿ ಐದು ದಾಳ ಉರುಳಿಸಿ 7776 ಪದಗಳ ಪಟ್ಟಿಯಿಂದ ಒಂದೊಂದು ಪದ ಆರಿಸುತ್ತಾರೆ. ನನ್ನದು ನಾಲ್ಕು ದಾಳ, 1296 ಪದ. ಪಟ್ಟಿ ಮಾಡಲು ಕೂತಾಗಲೇ ನಮ್ಮ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನು ಎಷ್ಟು ಬಗೆಯಾಗಿ ಬರೆಯುತ್ತಾರೆ ಎಂಬುದು ಅರಿವಾದದ್ದು. ದೀರ್ಘ ಸ್ವರವಿರುವ ಪದಗಳೆಲ್ಲ ಹೋದವು, ಏಕೆಂದರೆ 'ನೀರು' ಬರೆಯಲು ಕೆಲವರು ಎರಡು ಇ ಒತ್ತುತ್ತಾರೆ, ಕೆಲವರು ಒಂದು ಐ. 'ತ' ಬಂದರೆ ಟೀ ಸಾಕೋ, ಎಚ್ ಬೇಕೋ, ಲತಾ ಎಂಬ ಹೆಸರಿನವರನ್ನು ಕೇಳಿ ನೋಡಿ. 'ಎಲೆ'ಗೆ ಮೊದಲು ವೈ ಸೇರಿಸುವವರಿದ್ದಾರೆ, 'ವ'ಕ್ಕೆ ಡಬ್ಲ್ಯೂ ಒತ್ತುವವರಿದ್ದಾರೆ. 'ಬೆಲೆ', 'ಬೆಳೆ' ಎರಡೂ ಒಂದೇ ಆಗುವುದರಿಂದ ಒಂದಕ್ಕೆ ಮಾತ್ರ ಜಾಗ. ಹೀಗೆ ಸೋಸಿ ಉಳಿದವು ಮರ, ಕೆರೆ, ಕರಡಿ, ಅಡಿಕೆ, ಮೆಣಸು, ನುಗ್ಗೆ, ಬಸಳೆಯಂಥವು. ಸಾಲದೆ ಬಂದಾಗ ಕುಣಿ, ನಗು, ಹಿಡಿ ಮುಂತಾದ ಕ್ರಿಯಾಪದಗಳನ್ನೂ ಸೇರಿಸಿದೆ.

ಏಳು ಪದ ಆರಿಸಿದರೆ ಸಾಧ್ಯತೆಗಳು 6ರ ಮುಂದೆ 21 ಸೊನ್ನೆಯಷ್ಟು. ಪಟ್ಟಿಯೇ ಕಳ್ಳನ ಕೈಗೆ ಸಿಕ್ಕು, ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡಿದರೂ ಸರಾಸರಿ ಸುಮಾರು ಹತ್ತು ಕೋಟಿ ವರ್ಷ ಬೇಕು. ದಾಳ ಹೇಳಿದ ಪದವನ್ನು 'ಚೆನ್ನಾಗಿಲ್ಲ' ಎಂದು ಬದಲಿಸಿದರೆ ಮಾತ್ರ ಈ ಲೆಕ್ಕಕ್ಕೆ ಬೆಲೆಯಿಲ್ಲ. ನನಗೆ ಬಿದ್ದ ಸಾಲು ಎಷ್ಟು ಅಸಂಬದ್ಧ ಎಂದರೆ ಮರೆಯುವುದೇ ಕಷ್ಟ; ಹೇಳುವಂತಿಲ್ಲ ಎಂಬುದೇ ಬೇಸರ. ಪರೀಕ್ಷೆಗೆಂದೇ ಬೇರೆ ಸಾಲುಗಳನ್ನು ಉರುಳಿಸಿ ತಂಗಿಗೆ ಫೋನಿನಲ್ಲಿ ಓದಿದೆ. ಅವಳು ಟೈಪ್ ಮಾಡಿದ್ದೂ ನನ್ನ ಪಟ್ಟಿಯಲ್ಲಿದ್ದದ್ದೂ ಅಕ್ಷರಕ್ಕೆ ಅಕ್ಷರ ಹೊಂದಿದವು. ನಿಜವಾದ ಸಾಲು ಕಾಗದದ ಮೇಲೆ ಬೀರುವಿನಲ್ಲಿದೆ.

ಜೆರಾಕ್ಸ್ ಅಂಗಡಿಗೆ ಈ ಡ್ರೈವ್ ಹೋಗುವುದಿಲ್ಲ. ವಿಂಡೋಸ್‌ನಲ್ಲಿ ವೆರಾಕ್ರಿಪ್ಟನ್ನು ಇನ್‌ಸ್ಟಾಲ್ ಮಾಡದೆ ಓಡಿಸಲು ಅಡ್ಮಿನ್ ಅನುಮತಿ ಬೇಕು. ಅನುಮತಿ ಸಿಕ್ಕರೂ ಅಲ್ಲಿನ ವೈರಸ್ ತುಂಬಿದ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತುವ ಧೈರ್ಯ ನನಗಿಲ್ಲ. ಅದಕ್ಕೆ ಬೇರೆ ಅಗ್ಗದ ಡ್ರೈವ್, ಅದರಲ್ಲಿ ಅಂದು ಮುದ್ರಿಸಬೇಕಾದ ಕಡತವೊಂದೇ; ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ.

ಬೀಗದ ಕಡತದ ನಕಲು ಮನೆಯ ಹಾರ್ಡ್‌ಡಿಸ್ಕಿನಲ್ಲಿದೆ. ಬಾಕಿ ಇರುವುದು ಹೆಡರ್ ಪರೀಕ್ಷೆ. ಕಡತದ ತಲೆಭಾಗ ಕೆಟ್ಟರೆ ಪಾಸ್‌ವರ್ಡ್ ಸರಿಯಿದ್ದರೂ ಪ್ರಯೋಜನವಿಲ್ಲ. ವೆರಾಕ್ರಿಪ್ಟ್ ಅದರ ಪ್ರತಿಯೊಂದನ್ನು ಕಡತದ ಕೊನೆಯಲ್ಲೂ ಇಟ್ಟಿರುತ್ತದೆ. ಇನ್ನೊಂದು ನಕಲು ಮಾಡಿ, ಅದರ ತಲೆಭಾಗವನ್ನು ಬೇಕೆಂದೇ ಕೆಡಿಸಿ, ಆ ಪ್ರತಿಯಿಂದ ಮರಳಿ ತೆರೆಯುತ್ತದೆಯೇ ನೋಡಬೇಕು. ಅದಾದ ಮೇಲೆ ಹಳೆಯ ಡ್ರೈವ್‌ಗೆ ಸುತ್ತಿಗೆ.