ಅಡಿಕೆ ಮೂಟೆಗಳ ನಡುವೆ ಧ್ವನಿಮುದ್ರಣ

ತೀರ್ಥಹಳ್ಳಿ ಸೀಮೆಯ ನನ್ನ ಗೆಳೆಯನೊಬ್ಬ ಅಡಿಕೆಯ ಕೊಳೆರೋಗದ ಬಗ್ಗೆ ಬೆಳೆಗಾರರಿಗಾಗಿ ಒಂದು ಸಣ್ಣ ವಿಡಿಯೊ ತಯಾರಿಸುತ್ತಿದ್ದ. ಆ ರೋಗ ತಡೆಯಲು ಸಿಂಪಡಿಸುವ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಾಡುವ ದೃಶ್ಯಗಳ ಚಿತ್ರೀಕರಣ ಮುಗಿದಿತ್ತು, ಹಿನ್ನೆಲೆ ಧ್ವನಿಯೊಂದೇ ಬಾಕಿ. ತರಗತಿಯಲ್ಲಿ ಪಾಠ ಹೇಳಿ ಗಂಟಲು ಪಳಗಿದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಿಂಪರಣೆ ಮುಂಗಾರು ಬಲಿಯುವ ಮುನ್ನವೇ ಆಗಬೇಕಾದ್ದರಿಂದ ವಿಡಿಯೊ ಮೇ ತಿಂಗಳು ಕಳೆಯುವುದರೊಳಗೆ ಜನರನ್ನು ತಲುಪಬೇಕಿತ್ತು. ಹಾಗಾಗಿ ಶಿವಮೊಗ್ಗದ ಸ್ಟುಡಿಯೊಗೆ ಅಲೆಯುವ ಬದಲು ಅವನ ಮನೆಯಲ್ಲೇ ಮುದ್ರಿಸಿಕೊಳ್ಳುವುದೆಂದು ನಿಶ್ಚಯಿಸಿದೆವು.

ಮಲೆನಾಡಿನ ಮನೆಯಲ್ಲಿ ಸದ್ದಿಲ್ಲದ ಜಾಗ ಹುಡುಕುವುದು ಸುಲಭವಲ್ಲ. ಹೊಸದಾಗಿ ಕಟ್ಟಿಸಿದ ಹಾಲಿನಲ್ಲಿ ಟೈಲ್ಸ್ ನೆಲವೂ ನುಣುಪು ಗೋಡೆಯೂ ಸೇರಿ ಮಾತನ್ನೆಲ್ಲ ಮಾರ್ದನಿಸುತ್ತಿದ್ದವು. ಕೊನೆಗೆ ಒಪ್ಪಿಗೆಯಾದದ್ದು, ರೇಟು ಏರಲೆಂದು ಕಾದಿಟ್ಟ ರಾಶಿ ಅಡಿಕೆಯ ಗೋಣಿಚೀಲಗಳನ್ನು ಪೇರಿಸಿದ್ದ, ದಪ್ಪ ಮಣ್ಣಿನ ಗೋಡೆಯ, ಹಲಗೆ ಮುಚ್ಚಿಗೆಯ ಒಳಕೋಣೆ. ಅಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಹುಟ್ಟಿದಲ್ಲೇ ಅಡಗುತ್ತಿತ್ತು. ಭದ್ರಾವತಿ ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳನ್ನು ಕೇಳುತ್ತ ಬೆಳೆದ ನಾನು ಆ ಸ್ಪಷ್ಟತೆಯೆಲ್ಲ ಓದುವವರ ಕಂಠದ್ದೆಂದೇ ತಿಳಿದಿದ್ದೆ. ಅದರಲ್ಲಿ ಕೋಣೆಯ ಪಾಲೂ ಅಷ್ಟೇ ಇದೆಯೆಂದು ಆ ಗೋಣಿಚೀಲಗಳೆದುರು ಮನವರಿಕೆಯಾಯಿತು.

ಗೆಳೆಯನ ಬಳಿ ಇದ್ದದ್ದು ಕಂಡೆನ್ಸರ್ ಮೈಕ್. ಅದಕ್ಕೆ 48 ವೋಲ್ಟ್ ವಿದ್ಯುತ್ತನ್ನು, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆಯೇ ಒದಗಿಸುತ್ತದೆ. ಈ ಮೈಕ್ ಎದುರಿನಿಂದ ಬರುವ ಸದ್ದನ್ನು ಹೆಚ್ಚಾಗಿಯೂ ಬೆನ್ನ ಹಿಂದಿನದನ್ನು ತೀರಾ ಕಡಿಮೆಯಾಗಿಯೂ ಹಿಡಿಯುವಂಥದ್ದು. ಆದ್ದರಿಂದ ಅದರ ಬೆನ್ನನ್ನು ಅಂಗಳದ ಕಡೆಯ ಕಿಟಕಿಗೆ ತಿರುಗಿಸಿದೆವು. ಕಂಬಳಿ ತೂಗುಹಾಕುವುದಿದ್ದರೆ ಮೈಕಿನ ಹಿಂದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಆದರೆ ಮೈಕ್ ಮುಖ ಮಾಡಿರುವುದು ಓದುವವನ ಕಡೆಗೆ, ಅವನ ಬೆನ್ನ ಹಿಂದಿನ ಗೋಡೆಯ ಕಡೆಗೆ. ಆ ಗೋಡೆಗೆ ಬಡಿದು ಮರಳುವ ದನಿಯೇ ನೇರವಾಗಿ ಅದರೊಳಕ್ಕೆ ಹೋಗುವುದರಿಂದ ದಪ್ಪ ಕಂಬಳಿಗಳೆರಡನ್ನೂ ನನ್ನ ಬೆನ್ನ ಹಿಂದೆಯೇ ಇಳಿಬಿಟ್ಟೆವು. ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು ಅಂತರ, ಮಧ್ಯದಲ್ಲಿ ಉಸಿರಿನ ರಭಸ ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್. ಅಷ್ಟಾದರೂ ರೋಗಾಣುವಿನ ಹೆಸರು ಬಂದಾಗಲೆಲ್ಲ ಹೆಡ್‌ಫೋನಿನಲ್ಲಿ ಗುಡುಗು ಕೇಳಿಸುತ್ತಿತ್ತು. ‘ಫೈಟಾಫ್ಥೊರಾ’ ಎಂದು ನಮ್ಮ ಬಾಯಿ ತುಂಬ ಹೇಳಿದರೆ ಉಸಿರು ಮೇಲಿಂದ ಮೇಲೆ ಮೈಕಿಗೆ ನುಗ್ಗುತ್ತದೆ! ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ ಸರಿಸಿದ ಮೇಲೆ ಆ ಕಾಟ ತಪ್ಪಿತು. ಲ್ಯಾಪ್‌ಟಾಪ್ ಚಾರ್ಜರಿನಿಂದ ಸಣ್ಣ ಗುಂಯ್‌ಗುಡುವಿಕೆ ಸೇರುತ್ತಿದ್ದುದರಿಂದ ಅದನ್ನು ಕಿತ್ತು, ಬ್ಯಾಟರಿಯಲ್ಲೇ ನಡೆಸಿದೆವು.

ಇಷ್ಟಾದರೂ ನಿಜವಾದ ಶ್ರಮ ಬೇಡಿದ್ದು ಬರಹ. ಕರಪತ್ರವೊಂದರ ಮಾದರಿಯಲ್ಲಿದ್ದ ಅದನ್ನು ಕಣ್ಣಿನಲ್ಲಿ ಓದಿದರೆ ಯಾವ ದೋಷವೂ ಕಾಣುತ್ತಿರಲಿಲ್ಲ. ಗಟ್ಟಿಯಾಗಿ ಓದಿದಾಗ ಮಾತ್ರ, ಕ್ರಿಯಾಪದ ವಾಕ್ಯದ ತುದಿಯಲ್ಲೇ ಬರುವ ನಮ್ಮ ಭಾಷೆಯಲ್ಲಿ, ಮೈಲುತುತ್ತ, ಸುಣ್ಣ, ನೀರು, ಪಾತ್ರೆ, ಪ್ರಮಾಣ ಇವೆಲ್ಲವನ್ನೂ ಹೊತ್ತುಕೊಂಡು ಕೊನೆ ಮುಟ್ಟುವಷ್ಟರಲ್ಲಿ ನನ್ನ ಉಸಿರೂ ಕೇಳುವವನ ತಾಳ್ಮೆಯೂ ಒಟ್ಟಿಗೆ ತೀರುತ್ತಿದ್ದವು. ಹಾಗಾಗಿ ಒಂದು ವಾಕ್ಯಕ್ಕೆ ಒಂದೇ ಕೆಲಸವೆಂದು ಗೊತ್ತುಮಾಡಿ ಬಿಡಿಸಿ ಬರೆದೆವು. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದು ಡ್ರಮ್ಮಿನಲ್ಲಿ ಒಂದು ಕಿಲೋ ಸುಣ್ಣವನ್ನು ಅಷ್ಟೇ ನೀರಿನಲ್ಲಿ ಕಲಸಿ. ಶೇಕಡಾ ಒಂದರ ದ್ರಾವಣಕ್ಕೆ ಅಳತೆ ಇಷ್ಟೇ. ಅಂಕಿಗಳನ್ನೆಲ್ಲ ಅಕ್ಷರದಲ್ಲಿ ಬರೆದುಕೊಂಡೆವು; ‘40–45 ದಿನ’ ಎಂದಿದ್ದರೆ ನಡುವಿನ ಗೆರೆಯನ್ನು ಓದುವುದು ಹೇಗೆಂದು ನಾಲಿಗೆ ತಡವರಿಸುತ್ತದೆ, ‘ನಲವತ್ತರಿಂದ ನಲವತ್ತೈದು ದಿನ’ ಎಂದಿದ್ದರೆ ತಡೆಯಿಲ್ಲ. ದೊಡ್ಡಕ್ಷರದಲ್ಲಿ, ಹಾಳೆಯ ಒಂದೇ ಮಗ್ಗುಲಿಗೆ, ಯಾವ ವಾಕ್ಯವೂ ಮುಂದಿನ ಪುಟಕ್ಕೆ ಜಾರದಂತೆ ಮುದ್ರಿಸಿ, ಉಸಿರೆಳೆಯುವ ಕಡೆಗಳಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದೆ. ಪಿನ್ ಹೊಡೆಯಲಿಲ್ಲ. ಓದಿ ಮುಗಿದ ಹಾಳೆಯನ್ನು ಮಗುಚದೆ ಮೆಲ್ಲಗೆ ಪಕ್ಕದ ಮೂಟೆಯ ಮೇಲೆ ಜಾರಿಸುವುದೇ ಲೇಸು, ಏಕೆಂದರೆ ಕಾಗದದ ಸರಪರವನ್ನು ಆಮೇಲೆ ದನಿಯಿಂದ ಬೇರ್ಪಡಿಸುವುದು ಕಷ್ಟ.

ಮುದ್ರಣ ಶುರುವಾದದ್ದು ಬೆಳಿಗ್ಗೆ. ಸಂಜೆಯಾದರೆ ಜೀರುಂಡೆಗಳು ಯಾರ ಮಾತನ್ನೂ ಕೇಳುವುದಿಲ್ಲ. ಅಡುಗೆಮನೆಯಿಂದ ಗೆಳೆಯನ ತಾಯಿ, “ಮಿಕ್ಸಿ ಹಾಕ್ಲಾ, ಇನ್ನೂ ಎಂತಾದ್ರೂ ಉಂಟಾ?” ಎಂದು ಆಗಾಗ ಕೂಗಿ ಕೇಳುತ್ತಿದ್ದರು, ಆ ಕೂಗೂ ಫೈಲಿನಲ್ಲಿದೆ. ಸೊನ್ನೆ ಮುಟ್ಟಿದರೆ ದನಿ ಒಡೆಯುವುದರಿಂದ, ಸಾಮಾನ್ಯ ದನಿಗೆ ಮುದ್ರಣದ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸು, ಏರುದನಿಗೂ ಮೈನಸ್ 6 ಮೀರದಂತೆ ಇಟ್ಟು, ವಿಡಿಯೊಗೆ ಹೊಂದುವ 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲಾಗಿ ಉಳಿಸಿದೆವು. ನಡುವೆ ಒಂದು ಜೋರು ಮಳೆ ಹೆಂಚಿನ ಮೇಲೆ ಸುರಿದಾಗ ಹೊಳವಾಗುವ ತನಕ ಕಾಫಿ ಕುಡಿದೆವು. ಕೊನೆಯಲ್ಲಿ ಯಾರೂ ಮಾತಾಡದೆ ಅರ್ಧ ನಿಮಿಷ ಬರೀ ಕೋಣೆಯ ಸದ್ದನ್ನೂ ಹಿಡಿದುಕೊಂಡೆವು. ಮಾತುಗಳ ನಡುವೆ ಕತ್ತರಿಸಿದ ಜಾಗಕ್ಕೆ ಅದನ್ನು ತುಂಬದಿದ್ದರೆ ಕೇಳುವವರಿಗೆ ಅಲ್ಲೆಲ್ಲ ಪಕ್ಕನೆ ಕಿವಿ ಮುಚ್ಚಿದಂತಾಗುತ್ತದೆ.

ಮಧ್ಯಾಹ್ನ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ತೋಟದ ಕೊನೆಗಾರನಿಗೆ ಹೆಡ್‌ಫೋನ್ ಕೊಟ್ಟು ಕೇಳಿಸಿದೆವು. ದ್ರಾವಣಕ್ಕೆ ಚೊಕ್ಕ ಚಾಕು ಅದ್ದಿ ಪರೀಕ್ಷಿಸುವ ಭಾಗಕ್ಕೆ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂಬ ಮಾತಿಗೆ, ತಲೆದೂಗಿದವನು ಅದರ ಹಿಂದಿನ ‘ಎರಡನ್ನೂ ಬೆರೆಸಿ’ ಎಂಬ ವಾಕ್ಯಕ್ಕೆ ತಕರಾರು ತೆಗೆದ.

“ಬೆರೆಸಿ ಅಂದ್ರೆ ಆತಾ ಮೇಷ್ಟ್ರೇ? ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯಿ ಅಂತ ಬಿಡಿಸಿ ಹೇಳಿ. ಇಲ್ಲಾಂದ್ರೆ ಹುಡುಗ್ರು ತಿರುಗುಮುರುಗು ಮಾಡ್ತಾರೆ.”

ಅವನ ಮಾತು ದಿಟ. ಹೊಯ್ಯುವ ಕ್ರಮ ತಪ್ಪಿದರೆ ದ್ರಾವಣದ ಹದ ಕೆಡುತ್ತದೆ. ಆದರೆ ಅಷ್ಟು ಹೊತ್ತಿಗೆ ನನ್ನ ದನಿಯ ಬಣ್ಣ ಬೆಳಗಿನಂತೆ ಉಳಿದಿರಲಿಲ್ಲ. ಸ್ಟ್ಯಾಂಡಿನ ಕಾಲುಗಳ ಸುತ್ತ, ನನ್ನ ಪಾದಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಟ್ಟೆವು. ಮರುದಿನ ಅದೇ ಹೊತ್ತಿಗೆ ಹಳೆಯ ಮುದ್ರಿಕೆಯನ್ನು ಒಮ್ಮೆ ಕಿವಿಗೆ ಹಾಕಿಕೊಂಡು ಶ್ರುತಿ ಹೊಂದಿಸಿಕೊಂಡೆ. ಬೆಸುಗೆ ಪೂರ್ಣವಿರಾಮದಲ್ಲೇ ಬೀಳಲೆಂದು ಹಿಂದಿನ ವಾಕ್ಯವನ್ನೂ ಸೇರಿಸಿ, ಕೊನೆಗಾರ ಹೇಳಿದ ಮಾತನ್ನು ಹೆಚ್ಚುಕಡಿಮೆ ಅವನು ಹೇಳಿದ ಕ್ರಮದಲ್ಲೇ ಓದಿದೆ.