‘ಇಷ್ಟೇನಾ ನಿನ್ನ ಪ್ರಶ್ನೆ?’

ಈ ವಾರ ಸಂಶೋಧನಾ ಪ್ರಸ್ತಾವಗಳ ಪರಿಶೀಲನೆಯಲ್ಲಿ ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಶ್ನೆ ಓದಿದಳು: ‘ದಾಖಲಾದ ವಯಸ್ಕ ರೋಗಿಗಳಲ್ಲಿ ಐವಿ ಕ್ಯಾನುಲಾವನ್ನು (ಔಷಧಿ ಕೊಡಲು ರಕ್ತನಾಳಕ್ಕೆ ಹಾಕಿಡುವ ಸಣ್ಣ ಕೊಳವೆ) 72ರಿಂದ 96 ಗಂಟೆಗೊಮ್ಮೆ ಕಡ್ಡಾಯವಾಗಿ ಬದಲಿಸುವುದಕ್ಕಿಂತ, ನೋವು, ಊತ, ಸೋರಿಕೆ ಕಂಡಾಗ ಮಾತ್ರ ತೆಗೆದರೆ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ಪ್ರಮಾಣ ಬೇರೆಯಾಗುತ್ತದೆಯೇ?’ ಪರಿಶೀಲಕರು ಕಾಗದದಿಂದ ತಲೆಯೆತ್ತಿ ಕೇಳಿದರು: ‘ಇಷ್ಟೇನಾಮ್ಮಾ ನಿನ್ನ ಪ್ರಶ್ನೆ?’

ಆ ‘ಇಷ್ಟೇನಾ’ ಇನ್ನೂ ಚುಚ್ಚುತ್ತಿದೆ. ಅವರು ಅನುಭವಿಗಳು, ಆದರೂ ಆ ಮಾತು ತಪ್ಪು. ಹುಡುಗಿಯ ಮೊದಲ ಕರಡಿನಲ್ಲಿದ್ದದ್ದು ‘ಕ್ಯಾನುಲಾ ಆರೈಕೆಯ ಉತ್ತಮ ವಿಧಾನ ಯಾವುದು?’ ಎಂಬ ದೊಡ್ಡ ಪ್ರಶ್ನೆ. ಯಾರ ಕ್ಯಾನುಲಾ, ನವಜಾತ ಶಿಶುವಿನದೋ ಕೀಮೋ ರೋಗಿಯದೋ? ಉತ್ತಮ ಅಂದರೆ ನೋವು ಕಡಿಮೆಯೋ, ಸೋಂಕು ಕಡಿಮೆಯೋ, ಖರ್ಚು ಕಡಿಮೆಯೋ? ಅದಕ್ಕೆ ಯಾರಿಂದಲೂ ಉತ್ತರ ಹೇಳಲಾಗದು.

ರೋಗಿ, ಇಂಟರ್‌ವೆನ್ಷನ್ (ಪರೀಕ್ಷಿಸುವ ಚಿಕಿತ್ಸೆ ಅಥವಾ ಕ್ರಮ), ಹೋಲಿಕೆ, ಫಲಿತಾಂಶ ಎಂದು ಪ್ರಶ್ನೆ ರೂಪಿಸುವ ಪಿಕೋ ಚೌಕಟ್ಟು ಎಲ್ಲರಿಗೂ ಬಾಯಿಪಾಠ. ಎಡವುವುದು ಹೋಲಿಕೆಯಲ್ಲಿ. ‘ಎಂದಿನ ಆರೈಕೆ’ ಎಂದಷ್ಟೇ ಬರೆದು ಮುಗಿಸುತ್ತಾರೆ. ವಾರ್ಡಿನಿಂದ ವಾರ್ಡಿಗೆ ಆ ‘ಎಂದಿನದು’ ಬೇರೆ. ಇವಳು ಗಂಟೆ ಸಮೇತ ಬರೆದಿದ್ದಳು. ಫಲಿತಾಂಶಕ್ಕೂ ಅಷ್ಟೇ ಬಿಗಿ ಬೇಕು: ಫ್ಲೆಬೈಟಿಸ್ ಅಳೆಯುವ ವಿಐಪಿ ಸ್ಕೋರ್ 0ಯಿಂದ 5ರವರೆಗೆ ಇದೆ, ಎಷ್ಟರಿಂದ ಫ್ಲೆಬೈಟಿಸ್ ಎಂದು ಎಣಿಸುವುದು? ಕ್ಯಾನುಲಾ ತೆಗೆದ ಮೇಲೂ ಉರಿಯೂತ ಕಾಣಿಸಿಕೊಳ್ಳಬಹುದು, ಆದ್ದರಿಂದ ಇನ್ನೂ 48 ಗಂಟೆ ಆ ಜಾಗ ನೋಡಬೇಕು. ಲಕ್ಷಣ ಕಂಡಾಗ ಮಾತ್ರ ತೆಗೆಯುವ ಗುಂಪಿನಲ್ಲಿ ಕ್ಯಾನುಲಾ ಹೆಚ್ಚು ದಿನ ಉಳಿಯುವುದರಿಂದ, ಶೇಕಡಾವಾರಿನ ಜೊತೆಗೆ 1000 ಕ್ಯಾನುಲಾ-ದಿನಗಳಿಗೆ (ಒಂದು ಕ್ಯಾನುಲಾ ಒಂದು ದಿನ ಇದ್ದರೆ ಒಂದು ಕ್ಯಾನುಲಾ-ದಿನ) ಎಷ್ಟು ಎಂಬ ಲೆಕ್ಕವನ್ನೂ ಕೊಡದಿದ್ದರೆ ಹೋಲಿಕೆ ಹಳಿ ತಪ್ಪುತ್ತದೆ. (ರೋಗಿಯ ಭಯ, ಅನುಭವ ತಿಳಿಯಬೇಕಿದ್ದರೆ ಹೋಲಿಕೆಯೇ ಬೇಡ, ಯಾರು, ಯಾವ ಅನುಭವ, ಯಾವ ಸಂದರ್ಭ ಎಂದರೆ ಸಾಕು.)

ಹಿಂದಿನ ಅಧ್ಯಯನಗಳ ಹುಡುಕಾಟ ಸಲೀಸಾಗುವುದೂ ಇದರಿಂದಲೇ. ಪ್ರತಿ ಅಂಶದ ಪರ್ಯಾಯ ಪದಗಳನ್ನು ‘ಆರ್’ನಿಂದ (OR, ಅಥವಾ), ಅಂಶಗಳನ್ನು ‘ಆಂಡ್’ನಿಂದ (AND, ಮತ್ತು) ಜೋಡಿಸಿ ಪಬ್‌ಮೆಡ್, ಸಿನಾಲ್ ಎಂಬ ಸಂಶೋಧನಾ ಲೇಖನಗಳ ದತ್ತಾಂಶ ಕೋಶಗಳಲ್ಲಿ ಹುಡುಕಬೇಕು. ಫಲಿತಾಂಶದ ಪದಗಳನ್ನು ಮೊದಲಿಗೇ ಹಾಕಿದರೆ ಬೇಕಾದ ಅಧ್ಯಯನಗಳೂ ಜಾರಿಹೋಗುತ್ತವೆ.

‘ಇಷ್ಟೇ’ ಪ್ರಶ್ನೆಗೆ ಆಸ್ಟ್ರೇಲಿಯಾದಲ್ಲಿ 3283 ರೋಗಿಗಳ ಮೇಲೆ ಪ್ರಯೋಗ ನಡೆದು, 2012ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಎರಡೂ ಗುಂಪುಗಳಲ್ಲಿ ಫ್ಲೆಬೈಟಿಸ್ ಶೇ. 7. ಪರಿಶೀಲಕರು ಕೇಳಬೇಕಿದ್ದದ್ದು ಇದನ್ನು: ಉತ್ತರ ಆಗಲೇ ಸಿಕ್ಕಿರುವಾಗ ನಿನ್ನ ರೋಗಿಗಳು ಆ ರೋಗಿಗಳಂಥವರೇನಾ? ಹೌದಾದರೆ ಹೊಸ ಪ್ರಯೋಗ ಬೇಡ, ಆ ಪದ್ಧತಿಯನ್ನು ವಾರ್ಡಿಗೆ ತಂದು, ಸರಿಯಾಗಿ ಪಾಲನೆಯಾಗುತ್ತಿದೆಯೇ ಎಂದು ಆಡಿಟ್ ಮಾಡು. ಅಲ್ಲವಾದರೆ ಅವರು ಹೇಗೆ ಬೇರೆ ಅನ್ನುವುದನ್ನು ಪ್ರಶ್ನೆಯ ಮೊದಲ ಭಾಗದಲ್ಲೇ ಬರೆ.